ಡೆಟ್ರಾಯ್ಟ್ ಪಿಸ್ಟನ್ಸ್, ಹಳೇ ಗಿರಾಕಿಯ ವಿಮರ್ಶೆ: ಆಟಕ್ಕೆ ಎರಡು ಸ್ಟಾರ್, ಜೋಕಿಗೆ ಐದು

ಮೊದಲೇ ಹೇಳಿಬಿಡುತ್ತೇನೆ. ಬಾಸ್ಕೆಟ್‌ಬಾಲ್ ನೋಡಬೇಕು ಅನ್ನುವವರಿಗೆ ಈ ತಂಡದ ಟಿಕೆಟ್ ತಗೊಳ್ಳಿ ಅಂತ ನಾನು ಬಹಳ ವರ್ಷ ಹೇಳಿದವನಲ್ಲ. ಆದರೆ ನಗಬೇಕು ಅಂತಿದ್ದವರಿಗೆ 2023-24ರ ಸೀಸನ್‌ನಲ್ಲಿ ಕೊಟ್ಟ ಕಾಸಿಗೆ ಮೋಸ ಇರಲಿಲ್ಲ.

ಶುರುವೇನೋ ಚೆನ್ನಾಗಿತ್ತು. ಮೊದಲ ಮೂರು ಮ್ಯಾಚಲ್ಲಿ ಎರಡು ಗೆಲುವು. ಆಮೇಲೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಕೊನೆವರೆಗೆ ಸತತ 28 ಸೋಲು. ಒಂದೇ ಸೀಸನ್‌ನಲ್ಲಿ ಇಷ್ಟು ಸಲ ಸಾಲಾಗಿ ಸೋತ ತಂಡ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಇನ್ನೊಂದಿರಲಿಲ್ಲ. ಡೆಟ್ರಾಯ್ಟ್ ಇರುವ ನಮ್ಮ ಮಿಶಿಗನ್ ರಾಜ್ಯದಲ್ಲಿ ಕಾರು ತಯಾರಿಸುತ್ತಾರೆ. ಇದು ಕಾರಾಗಿದ್ದರೆ ಯಾವತ್ತೋ ರೀಕಾಲ್ ಆಗಿರುತ್ತಿತ್ತು.

ಡಿಸೆಂಬರ್ 26ರಂದು ಬ್ರೂಕ್ಲಿನ್ ನೆಟ್ಸ್ ಎದುರಿನ ಮ್ಯಾಚಿಗೆ ನಮ್ಮ ತಂಡದ ಕ್ರೀಡಾಂಗಣ ಲಿಟಲ್ ಸೀಸರ್ಸ್ ಅರೀನಾದ ಮೇಲಿನ ಸಾಲಲ್ಲಿ ಕೂತಿದ್ದೆ. ಸೋತರೆ ಸತತ ಸೋಲಿನ ದಾಖಲೆ. ನಮ್ಮ ಕೇಡ್ ಕನಿಂಗ್‌ಹ್ಯಾಮ್ ಒಬ್ಬನೇ 41 ಪಾಯಿಂಟ್ ಹೊಡೆದ. ಆದರೂ 118-112ಕ್ಕೆ ಸೋತರು. ಮಾಲೀಕ ಟಾಮ್ ಗೋರ್ಸ್‌ಗೆ ಕೇಳಲಿ ಅಂತ ಜನ "ಸೆಲ್ ದ ಟೀಮ್" (ತಂಡ ಮಾರಿಬಿಡು) ಎಂದು ಕೂಗುತ್ತಿದ್ದರು. ಪಕ್ಕದ ಸೀಟಿನ ಅಜ್ಜ ಮಾತ್ರ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಅಂತೂ ಯಾವುದೋ ಒಂದರಲ್ಲಿ ಫಸ್ಟ್ ಬಂದ್ವಲ್ಲ" ಅಂದರು. ಆಮೇಲೆ 1989, 1990ರ ಚಾಂಪಿಯನ್ ಬ್ಯಾನರ್‌ಗಳ ಕಡೆ ಕೈ ತೋರಿಸಿ, "ಅವನ್ನ ಇಳಿಸಿಡಬೇಕು, ಹುಡುಗರು ನೋಡಿ ಹೆದರ್ಕೊಳ್ತಾರೆ" ಅಂದರು.

ಎರಡು ದಿನ ಬಿಟ್ಟು ಬಾಸ್ಟನ್‌ನಲ್ಲಿ ಅರ್ಧ ಆಟಕ್ಕೆ 19 ಪಾಯಿಂಟ್ ಮುಂದಿದ್ದರು. ನಮ್ಮ ವಾಟ್ಸಾಪ್ ಗುಂಪಲ್ಲಿ ಒಬ್ಬರೂ ಕುಣಿಯಲಿಲ್ಲ. "ಬೇಗ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ" ಅಂತ ಒಂದೇ ಮೆಸೇಜು ಬಂತು. ಓವರ್‌ಟೈಮ್‌ನಲ್ಲಿ ಸೋತರು.

ಕೊನೆಗೆ 30ರಂದು ಟೊರಾಂಟೊ ಎದುರು 129-127ರ ಗೆಲುವು. ಅವತ್ತೇ ಟೊರಾಂಟೊದವರು ತಮ್ಮ ಆಟಗಾರ ಓಜಿ ಅನುನೋಬಿಯನ್ನು ನ್ಯೂಯಾರ್ಕ್‌ಗೆ ಕೊಟ್ಟು ಕೂತಿದ್ದರು. ನಾವು "ಸೆಲ್ ದ ಟೀಮ್" ಅಂತ ಕೂಗಿದ್ದು ಗೋರ್ಸ್‌ಗೆ ಬದಲು ಅವರಿಗೆ ಕೇಳಿಸಿರಬೇಕು.

ಸೋಲುವುದನ್ನಾದರೂ ಸರಿಯಾಗಿ ಸೋತರಾ, ಅದೂ ಇಲ್ಲ. 2022-23ರಲ್ಲಿ 65 ಸೋಲು, ಮರುವರ್ಷ 68. ಎರಡು ಸಲವೂ ಲೀಗ್‌ಗೇ ಕೊನೆ. ಹೊಸ ಆಟಗಾರರನ್ನು ಆರಿಸುವ ಸರದಿ ಡ್ರಾಫ್ಟ್ ಲಾಟರಿಯಲ್ಲಿ ತೀರ್ಮಾನ ಆಗುತ್ತೆ; ಆಗ ಕೊನೆಯಲ್ಲಿದ್ದವರಿಗೆ ಮೊದಲ ಆಯ್ಕೆ ಸಿಗುವ ಅವಕಾಶ ಜಾಸ್ತಿ ಇತ್ತು, ಅಲ್ವಾ? ಎರಡು ಸಲವೂ ಸಿಕ್ಕಿದ್ದು ಐದನೆಯದು. ಇನ್ನು ಕೋಚ್ ಮಾಂಟಿ ವಿಲಿಯಮ್ಸ್. ಆರು ವರ್ಷಕ್ಕೆ 7.85 ಕೋಟಿ ಡಾಲರ್ ಒಪ್ಪಂದ, ಒಂದೇ ವರ್ಷಕ್ಕೆ ಮನೆಗೆ. ಆ ಸೀಸನ್‌ನಲ್ಲಿ ಡೆಟ್ರಾಯ್ಟ್‌ನಲ್ಲಿ ನಿಜವಾಗಿ ಗೆದ್ದವನು ಅವನೊಬ್ಬನೇ ಅಂತ ಈಗಲೂ ಮಾತು.

ಆರ್‌ಸಿಬಿ ಅಭಿಮಾನಿಯಾಗಿದ್ದವನಿಗೆ ಇದೆಲ್ಲ ಅಭ್ಯಾಸ ಇರುತ್ತೆ ಅಂದುಕೊಂಡಿದ್ದೆ. ಆದರೆ ಒಂದು ವ್ಯತ್ಯಾಸ ಇದೆ. "ಈ ಸಲ ಕಪ್ ನಮ್ದೇ" ಅಂತ ಎಷ್ಟೇ ಗೇಲಿಯಲ್ಲಿ ಅಂದರೂ ಒಳಗೆ ಆಸೆ ಇರುತ್ತಿತ್ತು. ಇಲ್ಲಿಯವರು ಆಸೆಯನ್ನೂ ಬಿಟ್ಟು ಜೋಕು ಮಾಡುತ್ತಿದ್ದರು. ಗಾಯಕ್ಕೆ ಉಪ್ಪು ಸವರಿದಂತೆ, ಆ ಡಿಸೆಂಬರಲ್ಲೇ ಡೆಟ್ರಾಯ್ಟ್‌ನ ಅಮೆರಿಕನ್ ಫುಟ್‌ಬಾಲ್ ತಂಡ ಲಯನ್ಸ್ ಮೂವತ್ತು ವರ್ಷದ ನಂತರ ಲೀಗಿನಲ್ಲಿ ತನ್ನ ಗುಂಪು, ಅಂದರೆ ಡಿವಿಷನ್ ಗೆದ್ದಿತು. 2008ರಲ್ಲಿ ಹದಿನಾರಕ್ಕೆ ಹದಿನಾರೂ ಸೋತ ತಂಡ ಅದು! ಊರಿಗೆ ಒಂದು ನಗೆಪಾಟಲು ಇರಲೇಬೇಕು ಅಂತ ಪಿಸ್ಟನ್ಸ್ ಆ ಜಾಗ ತುಂಬಿದರು.

ಆಮೇಲೆ ಆದದ್ದನ್ನು ಹೇಳದಿದ್ದರೆ ತಪ್ಪಾಗುತ್ತೆ. 2024-25ರಲ್ಲಿ ಹೊಸ ಕೋಚ್ ಜೆ.ಬಿ. ಬಿಕರ್‌ಸ್ಟಾಫ್ ಕೈಕೆಳಗೆ 44 ಗೆಲುವು. ಪ್ಲೇಆಫ್ ಸರಣಿಯಲ್ಲಿ ನ್ಯೂಯಾರ್ಕ್‌ಗೆ 4-2ರಲ್ಲಿ ಸೋತರೂ, 2008ರ ಮೇಲೆ ಮೊದಲ ಸಲ ಪ್ಲೇಆಫ್ ಮ್ಯಾಚು ಗೆದ್ದರು. ಆಟಕ್ಕೆ ಇನ್ನೊಂದು ಸ್ಟಾರ್ ಸೇರಿಸಬಹುದು. ವಾಟ್ಸಾಪ್ ಗುಂಪು ಮಾತ್ರ ಕೆಟ್ಟುಹೋಗಿದೆ. ಈಗ ಎಲ್ಲರೂ ಡಿಫೆನ್ಸ್ ಬಗ್ಗೆ ಸೀರಿಯಸ್ಸಾಗಿ ಭಾಷಣ ಬಿಗಿಯುತ್ತಾರೆ.

ಬರೀ ಜೋಕು ಸಾಕು ಅನ್ನುವವರು ಯೂಟಾ ಜಾಝ್ ಕಡೆ ಹೋಗಿ. ಅದೇ 2024-25ರಲ್ಲಿ ಎಲ್ಲರಿಗಿಂತ ಜಾಸ್ತಿ ಸೋತು, ಲಾಟರಿಯಲ್ಲಿ ಐದನೇ ಆಯ್ಕೆ ಪಡೆದುಕೊಂಡರು.