ಡ್ರೆಡ್ಡೋ ರೋಗ್ ಟ್ರೂಪರ್ರೋ? ಕಾಮಿಕ್ಸೋ ಗೇಮೋ?

ಡ್ರೆಡ್, ರೋಗ್ ಟ್ರೂಪರ್ ಇಬ್ಬರೂ ಬ್ರಿಟನ್ನಿನ ಕಾಮಿಕ್ಸ್ ವಾರಪತ್ರಿಕೆ '2000 ಎಡಿ'ಯ ನಾಯಕರು. ಪತ್ರಿಕೆ ಶುರುವಾದದ್ದು 1977ರಲ್ಲಿ. 2000ರಲ್ಲಿ ಅದನ್ನು ಕೊಂಡದ್ದು ರೆಬೆಲಿಯನ್ ಅನ್ನೋ ಗೇಮ್ ಕಂಪನಿ. ಇಲ್ಲಿ ಹೋಲಿಸುತ್ತಿರುವ ಎರಡು ಗೇಮ್‌ಗಳೂ ಅವರದ್ದೇ.

ಗೇಮ್ ಒಂದೇ ಸಾಕು ಅನ್ನುವವರು ಕಣ್ಣುಮುಚ್ಚಿ 'ರೋಗ್ ಟ್ರೂಪರ್' (2006) ತಗೊಳ್ಳಿ. ಗಾಳಿಯೇ ವಿಷವಾದ ನು-ಅರ್ಥ್ ಗ್ರಹ, ನೀಲಿ ಮೈಯ ಸೈನಿಕ. ಸತ್ತ ಮೂವರು ಗೆಳೆಯರ ಮನಸ್ಸು ಚಿಪ್‌ಗಳಲ್ಲಿ ಉಳಿದು ಅವನ ಬಂದೂಕು, ಹೆಲ್ಮೆಟ್, ಬ್ಯಾಗಿನಲ್ಲಿ ಕೂತಿದೆ. ಆಟದಲ್ಲಿ ಇದು ಸುಮ್ನೆ ಅಲಂಕಾರ ಅಲ್ಲ. ಬಂದೂಕನ್ನು ಒಂದು ಕಡೆ ನಿಲ್ಲಿಸಿ ನೀವು ಇನ್ನೊಂದು ಕಡೆಯಿಂದ ನುಗ್ಗಬಹುದು, ಅದು ತಾನೇ ಗುಂಡು ಹಾರಿಸುತ್ತದೆ. ಸತ್ತ ಶತ್ರುಗಳಿಂದ ಹೆಕ್ಕಿದ ಗುಜರಿಯಿಂದ ಬ್ಯಾಗು ಮದ್ದುಗುಂಡು ಮಾಡಿಕೊಡುತ್ತದೆ. ಹಳೇ ಆಟ ಕಣ್ಣಿಗೆ ಹಿಡಿಸದಿದ್ದರೆ ಅದನ್ನೇ ಹೊಸ ಚಿತ್ರಣದಲ್ಲಿ ತಂದ 2017ರ 'ರೀಡಕ್ಸ್' ಇದೆ.

'ಡ್ರೆಡ್ ವರ್ಸಸ್ ಡೆತ್' (2003) ಅಷ್ಟು ಗಟ್ಟಿಯಿಲ್ಲ. ಇದರಲ್ಲಿ ನೀವು ಡ್ರೆಡ್, ಅಂದರೆ ಭವಿಷ್ಯದ ನಗರವೊಂದರಲ್ಲಿ ಪೊಲೀಸೂ ನ್ಯಾಯಾಧೀಶನೂ ತಾನೇ ಆದವನು. ಅಪರಾಧಿಗೆ ಶರಣಾಗು ಅಂತ ಕೂಗಿ ಬೇಡಿ ಹಾಕೋದು, ಅಮಾಯಕರನ್ನು ಕೊಂದರೆ ನಿಮ್ಮವರೇ ನಿಮ್ಮ ಬೆನ್ನಟ್ಟೋದು, ಇವೆರಡು ಮಜಾ. ಉಳಿದದ್ದು ಮಾಮೂಲಿ ಶೂಟಿಂಗ್.

ಓದೋದಕ್ಕೆ ಬಂದರೆ ಲೆಕ್ಕ ಉಲ್ಟಾ. ರೋಗ್ ಕಥೆ ಒಂದೇ ಸೇಡಿನ ಸುತ್ತ ಎಳೆದಾಡುತ್ತದೆ. ಡ್ರೆಡ್‌ಗೆ ಒಂದು ಇಡೀ ನಗರ ಇದೆ, ಹುಚ್ಚು ಫ್ಯಾಷನ್ನು, ನಿರುದ್ಯೋಗ, ವ್ಯಂಗ್ಯ ಎಲ್ಲಾ ಸೇರಿ. ಡ್ರೆಡ್ ಕಥೆಗಳ ಸಂಕಲನಗಳನ್ನು ಮೊದಲ ಸಂಪುಟದಿಂದಲೇ ಶುರುಮಾಡಬೇಕಿಲ್ಲ. 'ಕೇಸ್ ಫೈಲ್ಸ್' 5ನೇ ಸಂಪುಟ ಹಿಡಿಯಿರಿ, 'ಅಪೋಕಲಿಪ್ಸ್ ವಾರ್' ಅನ್ನೋ ಹೆಸರಾಂತ ಯುದ್ಧದ ಕಥೆ ಅದರಲ್ಲೇ ಇದೆ.