ನನ್ನ ಸ್ಲೈಸಿಗೆ ಮದ್ದು: ಕ್ಯಾಡಿ, ಕೋಚ್, ಮೊಬೈಲ್, ಸಿಮ್ಯುಲೇಟರ್

ಡ್ರೈವರ್, ಅಂದರೆ ಗಾಲ್ಫಿನಲ್ಲಿ ದೂರ ಹೊಡೆಯುವ ಉದ್ದನೆಯ ಕ್ಲಬ್ಬು (ಹೊಡೆಯುವ ಕೋಲು), ಬೀಸಿದರೆ ಚೆಂಡು ನೆಟ್ಟಗೆ ಹೊರಟಂತೆ ಕಾಣಿಸಿ, ಆಮೇಲೆ ಬಲಕ್ಕೆ ಬಾಗಿ ಮರದ ಸಾಲು ಸೇರುತ್ತದೆ. ನಡುವಯಸ್ಸಿನಲ್ಲಿ ಗಾಲ್ಫ್ ಹಿಡಿದ ಬಲಗೈಯವರಲ್ಲಿ ಬಹುಪಾಲು ಜನರ ಕಾಯಿಲೆ ಈ ಸ್ಲೈಸ್. ಚಾಮುಂಡಿ ಬೆಟ್ಟದ ಬುಡದಲ್ಲಿರುವ ನಮ್ಮ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನಲ್ಲಿ ಬೆಳಗಿನ ಹೊತ್ತು ಕೇಳಿ ನೋಡಿ, ಇದಕ್ಕೆ ತಲೆಗೊಂದು ಮದ್ದು ಸಿಗುತ್ತದೆ. ನಾಲ್ಕನ್ನು ನಾನೇ ಕುಡಿದು ನೋಡಿದ್ದೇನೆ.

ಮೊದಲನೆಯದು ಆಟಗಾರನ ಚೀಲ ಹೊರುವ ಕ್ಯಾಡಿಯ ಮಾತು. "ತಲೆ ಎತ್ಬುಟ್ರಿ ಸಾ!" ಚೆಂಡು ಬಲಕ್ಕೆ ಹೋದರೂ ಅದೇ, ನೆಲ ಕಿತ್ತರೂ ಅದೇ, ಚೆಂಡಿನ ನೆತ್ತಿಗೆ ಮಾತ್ರ ಬಡಿದರೂ ಅದೇ. ತಲೆ ಏಳುವುದು ಬಹಳ ಸಲ ಸೊಂಟ ಮುಂದಕ್ಕೆ ನುಗ್ಗಿ ಮೈ ನೆಟ್ಟಗಾದ ಪರಿಣಾಮವೇ ಹೊರತು ಕಾರಣವಲ್ಲ. ತಲೆಯನ್ನು ಬಿಗಿಹಿಡಿದು ಬೀಸಿದರೆ ಭುಜ ತಿರುಗದೆ ಬೆನ್ನು ಹಿಡಿದುಕೊಳ್ಳುತ್ತದೆ, ಅಷ್ಟೇ ಲಾಭ. ಆದರೆ ಹಳೇ ಕ್ಯಾಡಿಯೊಬ್ಬ ಹಿಂದೆ ನಿಂತು, "ಭುಜ ಎಡಕ್ಕೆ ನೋಡ್ತಾ ಅದೆ ಸಾ" ಅಂದದ್ದು ಮಾತ್ರ ಲಕ್ಷ ರೂಪಾಯಿ ಮಾತು. ಬಲಕ್ಕೆ ಹೋಗುತ್ತದೆಂಬ ಭಯಕ್ಕೆ ಆಟಗಾರ ತನಗೇ ತಿಳಿಯದಂತೆ ಎಡಕ್ಕೆ ಗುರಿಯಿಡುತ್ತಾನೆ. ಆಗ ಕ್ಲಬ್ಬು ಹೊರಗಿನಿಂದ ಒಳಕ್ಕೆ, ಅಂದರೆ ಚೆಂಡಿನ ಆಚೆ ಬದಿಯಿಂದ ಆಟಗಾರನ ಕಡೆಗೆ, ಅಡ್ಡ ಬೀಳುತ್ತದೆ, ಸ್ಲೈಸ್ ಇನ್ನೂ ಬಲಿಯುತ್ತದೆ. ಸಂತೆಪೇಟೆಯಲ್ಲಿ ಎರಡು ವೈರಿಂಗ್ ಪೈಪು ಕೊಂಡು, ಒಂದನ್ನು ಗುರಿಯ ಕಡೆಗೂ ಇನ್ನೊಂದನ್ನು ಪಾದದ ಮುಂದೆ ಅದಕ್ಕೆ ಸಮಾನಾಂತರವಾಗಿಯೂ ಇಟ್ಟು ನಿಂತೆ. ಗುರಿಯ ತಕರಾರು ಅಲ್ಲಿಗೆ ಮುಗಿಯಿತು.

ಇನ್ನು ಕೋಚ್. ದುಬಾರಿ ಅಂತ ಹಿಂಜರಿಯುವವರು ಹೊಸ ಡ್ರೈವರಿಗೆ ಕೊಡುವ ದುಡ್ಡನ್ನೊಮ್ಮೆ ಲೆಕ್ಕ ಹಾಕಲಿ. ನಾನು ಹೋದವರು ಹತ್ತು ಚೆಂಡು ಹೊಡೆಸಿ, ಬಾಯಿ ಬಿಡದೆ ನೋಡಿ, "ಸ್ವಿಂಗು ಹಾಗೇ ಇರ್ಲಿ ಸಾರ್, ಮೊದ್ಲು ಕೈ ನೋಡೋಣ" ಅಂದರು. ಎಡಗೈಯನ್ನು ಹಿಡಿಕೆಯ ಮೇಲೆ ಕೊಂಚ ಬಲಕ್ಕೆ ತಿರುಗಿಸಿದರು. ಬಗ್ಗಿ ನೋಡಿದರೆ ಒಂದು ಬೆರಳ ಗೆಣ್ಣು ಕಾಣುತ್ತಿದ್ದ ಕಡೆ ಮೂರು ಕಂಡವು. ಮೊದಲ ವಾರ ಆ ಹಿಡಿತ ಹೊಸ ಚಪ್ಪಲಿ ಹಾಕಿದಂತೆ ಕಚ್ಚಿತು. ಆದರೆ ಬಾಗು ಅರ್ಧಕ್ಕಿಳಿಯಿತು. ಕಾರಣ ಸರಳ: ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ತಾಗುವ ಗಳಿಗೆಯಲ್ಲಿ ಕ್ಲಬ್ಬಿನ ಮುಖ (ಚೆಂಡಿಗೆ ತಾಗುವ ಚಪ್ಪಟೆ ಭಾಗ) ಎತ್ತ ನೋಡುತ್ತಿದೆ ಎಂಬುದು, ಮುಖಕ್ಕೂ ಕ್ಲಬ್ಬು ಸಾಗುವ ದಾರಿಗೂ ಇರುವ ವ್ಯತ್ಯಾಸ ಅದನ್ನು ಬಾಗಿಸುತ್ತದೆ. ಮುಖ ತೆರೆದೇ ಇದ್ದರೆ, ಅಂದರೆ ಬಲಕ್ಕೆ ನೋಡುತ್ತಿದ್ದರೆ, ದಾರಿಯೊಂದನ್ನೇ ಎಷ್ಟು ತಿದ್ದಿದರೂ ಚೆಂಡು ಬಲಕ್ಕೇ. ಕೋಚ್‌ನ ಕೊರತೆ ಒಂದೇ. ಅವರೆದುರು ಹೊಡೆದ ಹಾಗೆ ಮಾರನೇ ದಿನ ಹೊಡೆಯಲಾಗುವುದಿಲ್ಲ.

ಅಲ್ಲಿ ಮೊಬೈಲ್ ಕೈಹಿಡಿಯುತ್ತದೆ. ಸ್ಲೋ ಮೋಷನ್ನಿನಲ್ಲೇ ತೆಗೆಯಬೇಕು. ನಮ್ಮಂಥವರ ಡ್ರೈವರಿನ ತಲೆ ಗಂಟೆಗೆ ಸುಮಾರು 145 ಕಿಲೋಮೀಟರ್ ವೇಗದಲ್ಲಿ ಬರುತ್ತದೆ ಅಂದುಕೊಳ್ಳಿ. ಸೆಕೆಂಡಿಗೆ 30 ಚಿತ್ರದ ಮಾಮೂಲಿ ವಿಡಿಯೋದಲ್ಲಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಅದು ಮೀಟರಿಗಿಂತ ಹೆಚ್ಚು ಓಡಿರುತ್ತದೆ. 240 ಚಿತ್ರದಲ್ಲೂ ಒಂದು ಗೇಣಿಗೆ ಸ್ವಲ್ಪ ಕಡಿಮೆ. ಚೆಂಡು ಮುಖಕ್ಕೆ ಅಂಟಿರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು ಹೊತ್ತು. ಅದು ಮಾಮೂಲಿ ಫೋನಿಗೆ ಸಿಗುವ ಮಾತಲ್ಲ. ಹಾಗಾಗಿ ಮೊಬೈಲಿನಲ್ಲಿ ಮುಖ ಹುಡುಕಬೇಡಿ. ನಿಲುವು, ತಿರುವು, ಕೈ ಇಳಿಯುವ ದಾರಿ ನೋಡಿ. ಫೋನನ್ನು ಹಿಂದುಗಡೆ, ಕೈಯ ಎತ್ತರಕ್ಕೆ, ಗುರಿಯ ಗೆರೆಗೆ ಸಮಾನಾಂತರವಾಗಿ ನಿಲ್ಲಿಸಬೇಕು. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೂ ಸರಿಯಾದ ದಾರಿ ತಪ್ಪಾಗಿಯೂ ತಪ್ಪು ದಾರಿ ಸರಿಯಾಗಿಯೂ ಕಾಣುತ್ತದೆ.

ಇನ್ನೊಂದು ಚಪಲವಿದೆ: ನಮ್ಮ ವಿಡಿಯೋ ಪಕ್ಕ ದೊಡ್ಡವರದನ್ನು ಇಟ್ಟು ನೋಡುವುದು. ನಮ್ಮೂರಿನ ಪ್ರಣವಿ ಅರಸ್ 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟಕ್ಕೆ ಭಾರತ ತಂಡದಲ್ಲಿ ಹೋದವರು. ಅವರ ಸೊಂಟದ ತಿರುವನ್ನು ನನ್ನ ಸೊಂಟ ಅನುಕರಿಸಲು ಹೊರಟರೆ ಲಾಭ ಮೂಳೆ ಡಾಕ್ಟರಿಗೆ.

ಮೊಬೈಲಿಗೆ ಕಾಣದ್ದನ್ನು ಒಂದು ವೈಟ್‌ಬೋರ್ಡ್ ಮಾರ್ಕರ್ ತೋರಿಸಿತು. ಚೆಂಡಿನ ಮೇಲೆ ದಪ್ಪ ಚುಕ್ಕೆಯಿಟ್ಟು, ಅದು ಕ್ಲಬ್ಬಿನ ಕಡೆ ಬರುವಂತೆ ಟೀ (ಚೆಂಡು ಕೂರಿಸುವ ಚಿಕ್ಕ ಗೂಟ) ಮೇಲೆ ಕೂರಿಸಿ ಹೊಡೆಯಿರಿ. ಮಸಿ ಮುಖದ ಮೇಲೆ ಎಲ್ಲಿ ಅಂಟಿದೆ ನೋಡಿ. ನನ್ನದು ನಡುವಿನಲ್ಲಲ್ಲ, ಹಿಡಿಕೆಯ ಕೋಲು ತಲೆಗೆ ಸೇರುವ ಹಿಮ್ಮಡಿಯ ಕಡೆಗಿತ್ತು. ಡ್ರೈವರಿನ ಹಿಮ್ಮಡಿಗೆ ತಾಗಿದ ಚೆಂಡಿಗೆ ಬಲಕ್ಕೆ ಬಾಗುವ ತಿರುಗು ಹೆಚ್ಚಾಗುತ್ತದೆ. ಉಳಿದಿದ್ದ ಅರ್ಧ ಸ್ಲೈಸಿನಲ್ಲಿ ದೊಡ್ಡ ಪಾಲು ಇದರದ್ದು. ಚೆಂಡಿನಿಂದ ಮೊದಲಿಗಿಂತ ಎರಡು ಬೆರಳಷ್ಟು ದೂರ ಸರಿದು ನಿಂತೆ. ಮಸಿ ನಡುವಿನತ್ತ ಸರಿಯಿತು.

ಕೋಣೆಯೊಳಗೆ ಪರದೆಯತ್ತ ಹೊಡೆದರೆ ಹೊಡೆತವನ್ನು ಅಳೆದು ತೋರಿಸುವ ಸಿಮ್ಯುಲೇಟರಿಗೆ ಬೆಂಗಳೂರಿಗೆ ಹೋಗಿದ್ದೆ. ಪರದೆಯ ಮೇಲೆ ದಾರಿ ಎಡಕ್ಕೆ ಆರು ಡಿಗ್ರಿ, ಮುಖ ಬಲಕ್ಕೆ ಎರಡು ಅಂತ ಬಂತು. ಖುಷಿಯಾಯಿತು, ಆದರೆ ಕಾಯಿಲೆಯ ಹೆಸರು ಮೊದಲೇ ಗೊತ್ತಿತ್ತು. ಬೇರೆ ಬೇರೆ ಲಾಫ್ಟಿನ (ಮುಖದ ಓರೆ), ಶಾಫ್ಟಿನ (ಹಿಡಿಕೆಯ ಕೋಲು) ಡ್ರೈವರುಗಳನ್ನು ಪಕ್ಕಪಕ್ಕದಲ್ಲಿ ಹೊಡೆದು ಆರಿಸಬೇಕಾದವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಸ್ವಿಂಗ್ ತಿದ್ದಲು ಅಂತ ರೈಲು ಹತ್ತಬೇಕಿಲ್ಲ.

ಹೊಸಬರಾದರೆ ಕಣ್ಣು ಮುಚ್ಚಿ ಕೋಚ್ ಹತ್ತಿರ ಹೋಗಿ. ಹಿಡಿತ ಒಂದು ಸಲ ಕೂತವರಿಗೆ ಪೈಪು, ಮಾರ್ಕರ್, ಮೊಬೈಲ್ ಸಾಕು. ತಿಂಗಳಿಗೊಮ್ಮೆ ಕೋಚ್ ಕಣ್ಣಿಗೆ ಬಿದ್ದರೆ ಆಯಿತು. ಈಗ ಅಪರೂಪಕ್ಕೆ ನನ್ನ ಚೆಂಡು ಎಡಕ್ಕೂ ಬಾಗುತ್ತದೆ. ಹಾಗಾದ ದಿನ ಎಡಗೈಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿಕೊಳ್ಳುತ್ತೇನೆ.