ಪೂರ್ತಿ ಟಿಡಿಎಸ್ ವಾಪಸ್ ಕೊಡಿಸ್ತೀವಿ ಅನ್ನುವ ಏಜೆಂಟರ ಬಗ್ಗೆ ಎಚ್ಚರ

ಮನೆಯಲ್ಲೇ ಕೂತು ಸ್ವಂತ ಕೆಲಸ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಟಿಡಿಎಸ್ ಅಂದರೆ ನಮಗೆ ಹಣ ಕೊಡುವವರು ಮುಂಚೆಯೇ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ. ಆದಾಯ ತೆರಿಗೆ ರಿಟರ್ನ್ ಹಾಕುವ ಕಾಲ ಬಂತೆಂದರೆ ಕೆಲವು ಏಜೆಂಟರು ಫೋನ್ ಮಾಡುತ್ತಾರೆ. "ಮನೆ ಖರ್ಚೆಲ್ಲ ತೋರಿಸಿ ಪೂರ್ತಿ ಟಿಡಿಎಸ್ ವಾಪಸ್ ತರಿಸ್ತೀವಿ, ಬಂದದ್ದರಲ್ಲಿ ನಮಗೆ ಹತ್ತು ಪರ್ಸೆಂಟ್ ಕೊಟ್ಟರೆ ಸಾಕು" ಅನ್ನುತ್ತಾರೆ. ದಯವಿಟ್ಟು ಅಂಥವರಿಗೆ ಆದಾಯ ತೆರಿಗೆ ಪೋರ್ಟಲ್‌ನ ನಿಮ್ಮ ಪಾಸ್‌ವರ್ಡ್ ಕೊಡಬೇಡಿ. ನನಗೆ ಆದದ್ದನ್ನು ಲೆಕ್ಕದ ಸಮೇತ ಹೇಳುತ್ತೇನೆ. ಲೆಕ್ಕ ನೋಡಿದರೇನೇ ಇದು ಎಷ್ಟು ದೊಡ್ಡ ಮೋಸ ಅಂತ ಗೊತ್ತಾಗುವುದು.

ನನ್ನದು ಒಳಾಂಗಣ ವಿನ್ಯಾಸದ ಕೆಲಸ. ಮನೆಯ ಒಂದು ಕೋಣೆಯೇ ನನ್ನ ಆಫೀಸು. 2023-24ರಲ್ಲಿ ನನಗೆ ಬಂದ ಒಟ್ಟು ಫೀಸು 18 ಲಕ್ಷ ರೂಪಾಯಿ. ಕೆಲಸ ಕೊಟ್ಟ ಕಂಪನಿಗಳು ಸೆಕ್ಷನ್ 194ಜೆ ಪ್ರಕಾರ ಶೇ. 10ರಂತೆ 1,80,000 ರೂಪಾಯಿ ಟಿಡಿಎಸ್ ಹಿಡಿದಿದ್ದವು.

ನಮ್ಮಂಥವರಿಗೆ ಕಾನೂನಿನಲ್ಲೇ ಒಂದು ಸುಲಭ ದಾರಿ ಇದೆ. ಅದು ಸೆಕ್ಷನ್ 44ಎಡಿಎ. ವೈದ್ಯರು, ವಕೀಲರು, ಎಂಜಿನಿಯರುಗಳು, ಆರ್ಕಿಟೆಕ್ಟ್‌ಗಳು, ಲೆಕ್ಕಪರಿಶೋಧಕರು, ತಾಂತ್ರಿಕ ಸಲಹೆಗಾರರು, ಒಳಾಂಗಣ ವಿನ್ಯಾಸಕರು ಹೀಗೆ ಕೆಲವು ವೃತ್ತಿಗಳಿಗೆ ಇದು ಅನ್ವಯಿಸುತ್ತದೆ. ಬಂದ ಫೀಸಿನಲ್ಲಿ ಅರ್ಧವನ್ನು ಆದಾಯ ಅಂತ ತೋರಿಸಿದರೆ ಸಾಕು. ಉಳಿದರ್ಧ ಖರ್ಚಾಯಿತು ಅಂತ ಇಲಾಖೆಯೇ ಒಪ್ಪಿಕೊಳ್ಳುತ್ತದೆ. ಬಿಲ್ಲು ತೋರಿಸುವ, ಲೆಕ್ಕದ ಪುಸ್ತಕ ಇಡುವ ತಾಪತ್ರಯ ಇಲ್ಲ. ವರ್ಷದ ಫೀಸು 50 ಲಕ್ಷ ಮೀರಬಾರದು. ನಗದಾಗಿ ಬಂದದ್ದು ಶೇ. 5ಕ್ಕಿಂತ ಜಾಸ್ತಿ ಇಲ್ಲದಿದ್ದರೆ 75 ಲಕ್ಷದವರೆಗೂ ನಡೆಯುತ್ತದೆ.

ಈ ದಾರಿಯಲ್ಲಿ ನನ್ನ ಆದಾಯ 9 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ ಆ ವರ್ಷಕ್ಕೆ ಸೆಸ್ ಸೇರಿ ತೆರಿಗೆ 46,800. ಅಂದರೆ 1,33,200 ರೂಪಾಯಿ ರೀಫಂಡ್ ಯಾರ ಸಹಾಯವೂ ಇಲ್ಲದೆ ನನಗೆ ಬರಬೇಕಾದದ್ದೇ ಆಗಿತ್ತು. ಹಿಂದಿನ ವರ್ಷಗಳಲ್ಲಿ ಹಾಗೇ ಬಂದಿತ್ತು ಕೂಡ. ಏಜೆಂಟರು ತಮ್ಮ ಕಮಿಷನ್ ಲೆಕ್ಕ ಹಾಕುವಾಗ ಈ ಹಣವನ್ನೂ ತಾವೇ ತಂದುಕೊಟ್ಟದ್ದು ಅಂತ ಸೇರಿಸಿಕೊಳ್ಳುತ್ತಾರೆ, ಗಮನಿಸಿ.

ಪರಿಚಯದವರೊಬ್ಬರು ಹೇಳಿದರು ಅಂತ ಆ ವರ್ಷ ಒಬ್ಬ ಏಜೆಂಟ್ ಹತ್ತಿರ ಕೆಲಸ ಕೊಟ್ಟಿದ್ದೆ. 44ಎಡಿಎ ಪ್ರಕಾರವೇ ಹಾಕಿ ಅಂತ ಸ್ಪಷ್ಟವಾಗಿ ಹೇಳಿದ್ದೆ, ಆತ ಒಪ್ಪಿಯೂ ಇದ್ದ. ಮೆಸೇಜು ಈಗಲೂ ನನ್ನ ಫೋನಿನಲ್ಲಿದೆ. ಆದರೆ ಹಾಕಿದ್ದು 44ಎಡಿಎಗೆ ಬಳಸುವ ಐಟಿಆರ್-4 ಫಾರ್ಮ್ ಅಲ್ಲ, ಖರ್ಚನ್ನೆಲ್ಲ ಲೆಕ್ಕ ಕೊಟ್ಟು ತೋರಿಸುವ ಐಟಿಆರ್-3. ಅದರಲ್ಲಿ 13,70,000 ರೂಪಾಯಿ ಖರ್ಚು ತೋರಿಸಿದ್ದ. ಇಡೀ ಮನೆಯ ಬಾಡಿಗೆ, ಪೂರ್ತಿ ಕರೆಂಟ್ ಬಿಲ್, ಮನೆ ರಿಪೇರಿ, ಸೋಫಾ, ಫ್ರಿಜ್, ಪೆಟ್ರೋಲು, ಮನೆಯವರಿಗೆ ಕೊಟ್ಟ ಸಂಬಳ ಅಂತ ಒಂದು ದೊಡ್ಡ ಮೊತ್ತ. ಆ ಸಂಬಳವನ್ನು ನಾನು ಯಾರಿಗೂ ಕೊಟ್ಟಿರಲೇ ಇಲ್ಲ. ಆದಾಯ 4,30,000ಕ್ಕೆ ಇಳಿಯಿತು, ತೆರಿಗೆ ಸೊನ್ನೆಯಾಯಿತು, 1,80,000 ಪೂರ್ತಿ ಖಾತೆಗೆ ಬಂತು. ಆತ ತನ್ನ 18,000 ತಗೊಂಡ.

2025ರ ಜೂನ್‌ನಲ್ಲಿ ಸೆಕ್ಷನ್ 143(2)ರ ನೋಟಿಸ್, ಅಂದರೆ ರಿಟರ್ನನ್ನು ಪರಿಶೀಲನೆಗೆ ತೆಗೆದುಕೊಂಡಿದ್ದೇವೆ ಅನ್ನುವ ನೋಟಿಸ್ ಹೊರಟಿತು. ಅದು ನನಗೆ ತಲುಪಲಿಲ್ಲ. ಪೋರ್ಟಲ್‌ನ ಪ್ರೊಫೈಲ್‌ನಲ್ಲಿ ನನ್ನ ಇಮೇಲ್ ಮತ್ತು ಮೊಬೈಲ್ ನಂಬರ್ ತೆಗೆದು ಆತ ತನ್ನದನ್ನು ಹಾಕಿದ್ದ. ಬೇರೆ ಕೆಲಸಕ್ಕೆ ಲಾಗಿನ್ ಆದಾಗಲೇ ಉತ್ತರ ಕೊಡುವ ಗಡುವು ದಾಟಿದ್ದು ಕಣ್ಣಿಗೆ ಬಿತ್ತು. ಆತನಿಗೆ ಫೋನ್ ಮಾಡಿದರೆ ನಂಬರ್ ಚಾಲ್ತಿಯಲ್ಲೇ ಇಲ್ಲ. ಇದು ನನಗೊಬ್ಬಳಿಗೆ ಆದದ್ದಲ್ಲ. 2025ರ ಜುಲೈ 14ರಂದು ಇಲಾಖೆ ದೇಶದ 150 ಕಡೆ ಇಂಥ ಏಜೆಂಟರ ಮೇಲೆ ಪರಿಶೀಲನೆ ನಡೆಸಿತು. ಒಟ್ಟೊಟ್ಟಿಗೆ ರಿಟರ್ನ್ ಹಾಕಲಿಕ್ಕಷ್ಟೇ ತಾತ್ಕಾಲಿಕ ಇಮೇಲ್ ಮಾಡಿ, ಆಮೇಲೆ ಅದನ್ನು ಬಿಟ್ಟುಬಿಡುವುದರಿಂದ ನೋಟಿಸುಗಳು ಓದದೇ ಉಳಿಯುತ್ತವೆ ಅಂತ ಆಗ ಇಲಾಖೆಯೇ ಹೇಳಿತ್ತು.

ಈಗ ನಿಜವಾದ ಹೊಡೆತ ಎಲ್ಲಿ ಬಿತ್ತು ನೋಡಿ. 44ಎಡಿಎ ಬಿಟ್ಟು ಐಟಿಆರ್-3ರಲ್ಲಿ ಖರ್ಚು ತೋರಿಸಿದ ಮೇಲೆ ಅರ್ಧಕ್ಕರ್ಧ ಖರ್ಚು ತಾನಾಗಿ ಸಿಗುವುದಿಲ್ಲ. ಪುರಾವೆ ಇರುವುದಷ್ಟೇ ನಿಲ್ಲುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್, ಬಿಲ್ಲುಗಳನ್ನೆಲ್ಲ ಹುಡುಕಿ 5 ಲಕ್ಷದಷ್ಟು ತೋರಿಸಲು ಸಾಧ್ಯವಾಯಿತು. 44ಎಡಿಎ ದಾರಿಯಲ್ಲೇ ಲೆಕ್ಕ ಹಾಕಿ ಅಂತ ಕೇಳಿಕೊಂಡದ್ದನ್ನು ಇಲಾಖೆ ಒಪ್ಪಲಿಲ್ಲ. ಆದಾಯ 13 ಲಕ್ಷ ಅಂತ ನಿಗದಿಯಾಯಿತು. ತೆರಿಗೆ 1,14,400. 46,800ರಲ್ಲಿ ಮುಗಿಯುತ್ತಿದ್ದದ್ದು ಇದು! ಜಾಸ್ತಿ ಬಂದ ರೀಫಂಡಿನ ಮೇಲೆ ತಿಂಗಳಿಗೆ ಶೇ. ಅರ್ಧದಷ್ಟು ಬಡ್ಡಿ ಬೇರೆ. ಶೇ. 50ಕ್ಕಿಂತ ಕಡಿಮೆ ಲಾಭ ತೋರಿಸಿದರೆ, ಆದಾಯ ವಿನಾಯಿತಿ ಮಿತಿ ಮೀರಿದ್ದಲ್ಲಿ, ಆಡಿಟ್ ಕಡ್ಡಾಯ. ಆತ ಅದನ್ನೂ ಮಾಡಿಸಿರಲಿಲ್ಲ. ಅದಕ್ಕೆ ಬೇರೆಯೇ ದಂಡ.

ಎಲ್ಲಕ್ಕಿಂತ ಭಯ ಹುಟ್ಟಿಸುವುದು ಸೆಕ್ಷನ್ 270ಎ. ಆದಾಯ ಕಡಿಮೆ ತೋರಿಸಿದರೆ, ಹಾಗೆ ಬಿಟ್ಟ ಆದಾಯದ ಮೇಲಿನ ತೆರಿಗೆಯ ಶೇ. 50 ದಂಡ. ತಪ್ಪು ಮಾಹಿತಿ ಕೊಟ್ಟು ಕಡಿಮೆ ತೋರಿಸಿದರೆ ಶೇ. 200. ಪುರಾವೆ ಇಲ್ಲದ ಖರ್ಚಿನ ಕ್ಲೇಮು ಈ ಎರಡನೆಯ ಗುಂಪಿಗೇ ಸೇರುತ್ತದೆ ಅಂತ ಕಾನೂನಿನಲ್ಲಿ ನೇರವಾಗಿ ಬರೆದಿದೆ. ನನ್ನ ಲೆಕ್ಕದಲ್ಲಿ ಅದು 2 ಲಕ್ಷಕ್ಕೂ ಜಾಸ್ತಿ. ಆ ದಂಡದ ನೋಟಿಸಿಗೆ ನನ್ನ ಉತ್ತರ ಕೊಟ್ಟಿದ್ದೇನೆ, ಏಜೆಂಟ್ ಜೊತೆಗಿನ ಮೆಸೇಜುಗಳನ್ನೂ ಸೇರಿಸಿದ್ದೇನೆ. ಇನ್ನೂ ತೀರ್ಮಾನವಾಗಿಲ್ಲ. ರಿಟರ್ನ್‌ನಲ್ಲಿರುವುದು ನಮ್ಮ ಹೆಸರು. ಏಜೆಂಟನ ಹೆಸರು ಅಲ್ಲಿ ಎಲ್ಲೂ ಇರುವುದಿಲ್ಲ.

ಹಾಗಂತ ಮನೆಯಿಂದ ಕೆಲಸ ಮಾಡುವವರು ಯಾವ ಖರ್ಚೂ ತೋರಿಸಬಾರದು ಅಂತಲ್ಲ. ನಿಮ್ಮ ಖರ್ಚು ನಿಜಕ್ಕೂ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಅಥವಾ ನಿಮ್ಮ ವೃತ್ತಿ 44ಎಡಿಎ ಪಟ್ಟಿಯಲ್ಲಿ ಇಲ್ಲದಿದ್ದರೆ, ಲೆಕ್ಕ ಇಟ್ಟು ತೋರಿಸುವ ಹಕ್ಕು ನಿಮಗಿದೆ. ಮನೆಯ ಒಂದು ಭಾಗವನ್ನಷ್ಟೇ ಕೆಲಸಕ್ಕೆ ಬಳಸಿದರೆ ಆ ಭಾಗಕ್ಕೆ ತಕ್ಕ ಬಾಡಿಗೆ ಮಾತ್ರ ಕಳೆಯಬಹುದು ಅನ್ನುತ್ತದೆ ಸೆಕ್ಷನ್ 38. ಸಾವಿರ ಚದರಡಿ ಮನೆಯಲ್ಲಿ ಕೆಲಸದ ಕೋಣೆ 120 ಚದರಡಿ, ಬಾಡಿಗೆ 20,000 ಅಂದುಕೊಳ್ಳಿ. ತಿಂಗಳಿಗೆ 2,400 ರೂಪಾಯಿ. ಕರೆಂಟು, ಇಂಟರ್ನೆಟ್ಟಿಗೂ ಹೀಗೇ ಒಂದು ನ್ಯಾಯವಾದ ಪಾಲು ಹಾಕಿ, ಅದನ್ನು ಹೇಗೆ ಲೆಕ್ಕ ಹಾಕಿದಿರಿ ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಮನೆ ನಿಮ್ಮದೇ ಆಗಿದ್ದರೆ ನಿಮಗೆ ನೀವೇ ಬಾಡಿಗೆ ಕೊಟ್ಟಂತೆ ತೋರಿಸಲಾಗದು. ಅಪ್ಪ ಅಮ್ಮನ ಮನೆಯಾದರೆ ಬಾಡಿಗೆ ಬ್ಯಾಂಕಿನ ಮೂಲಕ ನಿಜವಾಗಿ ಹೋಗಿರಬೇಕು, ಅವರೂ ಅದನ್ನು ತಮ್ಮ ಆದಾಯದಲ್ಲಿ ತೋರಿಸಬೇಕು.

ಲ್ಯಾಪ್‌ಟಾಪ್ ವಿಷಯದಲ್ಲೂ ಜನ ಎಡವುತ್ತಾರೆ. ಪೂರ್ತಿ ಬೆಲೆಯನ್ನು ಒಂದೇ ವರ್ಷ ಕಳೆಯಲು ಬರುವುದಿಲ್ಲ. ಕಂಪ್ಯೂಟರಿಗೆ ವರ್ಷಕ್ಕೆ ಶೇ. 40ರಷ್ಟು ಸವಕಳಿ (ಬಳಸಿದಂತೆ ಬೆಲೆ ಇಳಿಯುತ್ತದೆ ಅಂತ ಕಳೆಯಲು ಬಿಡುವ ಪಾಲು). ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರಲ್ಲೂ ಅರ್ಧ. 80,000ದ ಲ್ಯಾಪ್‌ಟಾಪಿಗೆ ಮೊದಲ ವರ್ಷ 32,000, ಇಲ್ಲವೇ 16,000. ಕುರ್ಚಿ ಮೇಜಿಗೆ ಶೇ. 10. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚನ್ನು ಒಪ್ಪುವುದಿಲ್ಲ. ಇನ್ನೊಂದು ಮಾತು: 44ಎಡಿಎ ಆರಿಸಿಕೊಂಡ ಮೇಲೆ ಕೋಣೆ ಬಾಡಿಗೆ, ಲ್ಯಾಪ್‌ಟಾಪ್ ಸವಕಳಿ ಅಂತ ಮತ್ತೆ ಬೇರೆಯಾಗಿ ಕಳೆಯಲು ಆಗುವುದಿಲ್ಲ. ಅದೆಲ್ಲ ಆ ಅರ್ಧದಲ್ಲೇ ಸೇರಿಹೋಗಿದೆ.

ಇಲ್ಲಿ ಹೇಳಿದ ಸೆಕ್ಷನ್ ನಂಬರುಗಳು 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿರುವುದರಿಂದ ಮುಂದಿನ ವರ್ಷಗಳಿಗೆ ನಂಬರುಗಳು ಬೇರೆ ಇರುತ್ತವೆ.

ಇವತ್ತೇ ಒಂದು ಕೆಲಸ ಮಾಡಿ. ಪೋರ್ಟಲ್‌ಗೆ ಲಾಗಿನ್ ಆಗಿ ಪ್ರೊಫೈಲ್‌ನಲ್ಲಿ ಇರುವುದು ನಿಮ್ಮದೇ ಇಮೇಲ್, ನಿಮ್ಮದೇ ಮೊಬೈಲ್ ಹೌದಾ ನೋಡಿ. ಪಾಸ್‌ವರ್ಡ್ ಬದಲಿಸಿ. ಇ-ಪ್ರೊಸೀಡಿಂಗ್ಸ್ ತೆರೆದು ಯಾವುದಾದರೂ ನೋಟಿಸ್ ಬಂದಿದೆಯಾ ನೋಡಿ. ಹಿಂದೆ ಹಾಕಿದ ರಿಟರ್ನ್‌ಗಳ ಪಿಡಿಎಫ್ ಇಳಿಸಿಕೊಂಡು ಫಾರ್ಮ್ ಯಾವುದು, ಖರ್ಚು ಎಷ್ಟು ಅಂತ ಓದಿ. ಇನ್ನು ಮುಂದೆ ಯಾರೇ ಫೈಲ್ ಮಾಡಿಕೊಡಲಿ, ಡ್ರಾಫ್ಟ್ ಕೈಗೆ ಬರುವ ಮೊದಲು ಇ-ವೆರಿಫೈ ಓಟಿಪಿ ಕೊಡಬೇಡಿ. ಸಿಎ ಅಂತ ಹೇಳಿಕೊಂಡರೆ ಸದಸ್ಯತ್ವ ಸಂಖ್ಯೆ ಕೇಳಿ. ನಿಜವಾದ ಸಿಎಗಳು ಅದನ್ನು ಹೇಳಲು ಹಿಂಜರಿಯುವುದಿಲ್ಲ.

ನಿಮ್ಮ ರಿಟರ್ನ್‌ನಲ್ಲೂ ಸುಳ್ಳು ಖರ್ಚು ಕಂಡರೆ, ನೋಟಿಸ್ ಬರುವ ಮುಂಚೆಯೇ ಸರಿಪಡಿಸಿ. ಗಡುವಿನೊಳಗಾದರೆ ರಿವೈಸ್ಡ್ ರಿಟರ್ನ್ (ತಿದ್ದಿದ ರಿಟರ್ನ್) ಹಾಕಿ, ಬರುವ ತೆರಿಗೆ ಮತ್ತು ಬಡ್ಡಿ ಕಟ್ಟಿ. ಆ ಗಡುವು ದಾಟಿದರೆ, ಜಾಸ್ತಿ ತೆರಿಗೆ ಕಟ್ಟಿ ತಡವಾಗಿ ಸರಿಪಡಿಸುವ ಅಪ್‌ಡೇಟೆಡ್ ರಿಟರ್ನ್ ಇದೆ. ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ವರ್ಷದ ಮುಂದಿನ ಹಣಕಾಸು ವರ್ಷ) ಮುಗಿದ 12 ತಿಂಗಳೊಳಗೆ ತೆರಿಗೆ, ಬಡ್ಡಿಯ ಮೇಲೆ ಶೇ. 25 ಜಾಸ್ತಿ, 24 ತಿಂಗಳೊಳಗೆ ಶೇ. 50. ಅಲ್ಲಿಂದಾಚೆಗೆ ಶೇ. 60, ಶೇ. 70 ಅಂತ ಏರುತ್ತ 48 ತಿಂಗಳವರೆಗೆ ಅವಕಾಶ ಇದೆ. ಪರಿಶೀಲನೆಯ ನೋಟಿಸ್ ಬಂದು ವಿಚಾರಣೆ ಶುರುವಾದರೆ ಆ ವರ್ಷಕ್ಕೆ ಈ ಬಾಗಿಲು ಮುಚ್ಚುತ್ತದೆ. ನನಗೆ ಹಾಗೇ ಮುಚ್ಚಿತು.